ಲಂಗ ಹಿಡಿದ ಕೈ

6-2-79, ಮದ್ದೂರು

ಸಂತೆ ಸುಮಾರು. ಬಂಡೂರು ಟಗರು ಎರಡು, ನಾಟಿ ಕುರಿ ಒಂದಷ್ಟು ಕೈ ಬದಲಾದವು. ಮಳವಳ್ಳಿಯಿಂದ ಕತ್ತಲಲ್ಲೇ ಹೊರಟವನು ಬಾಯಿಗೆ ಇಡ್ಲಿ ಹಾಕಿದ್ದು ಬಿಸಿಲು ನೆತ್ತಿಗೆ ಬಂದ ಮೇಲೆ. ದಲ್ಲಾಳಿಯ ಹೊಟ್ಟೆ ಮೊದಲು ತುಂಬುತ್ತದೆ ಎಂದು ಜನ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಬಾಯಿ ಅವರದು.

ಆ ಕಂದು ಕುರಿ ಕೊನೆಗೂ ಹೋಯಿತು. ಮುಂದಿನ ಎಡಗಾಲು ಊನ. ತಂದವನು ಮುಖ ಸಪ್ಪೆ ಮಾಡಿಕೊಂಡು, "ಇದು ಕಸಾಯಿಗೇಯ ಕಣಣ್ಣ, ಬುಡು" ಎಂದ. ಸುಮ್ಮನಿರಯ್ಯ ಎಂದೆ. ಕುಂಟು ಇಳಿಜಾರಿನಲ್ಲಿ ಕಾಣುತ್ತದೆ, ಏರಿನಲ್ಲಿ ಕಾಣುವುದಿಲ್ಲ. ಏರಿಗೆ ಹತ್ತಿಸಬೇಕು. ಊನದ ಪಕ್ಕಕ್ಕೆ ನಾನೇ ನಿಲ್ಲಬೇಕು, ಭುಜದ ಮೇಲೆ ಕೈ — ಮುದ್ದು ಮಾಡುವ ಹಾಗೆ. ಭಾರ ನನ್ನ ಕೈಗೆ, ಹೆಸರು ಕುರಿಗೆ.

ಆತಗೂರಿನ ಮೇಷ್ಟ್ರೊಬ್ಬರು ಸಾಕುವುದಕ್ಕೆ ಎಂದು ಕೇಳಿದರು. ಸಂತೆಗೆ ಹೊಸಬರು, ಜೋರಾಗಿ ರೇಟು ಕೂಗಲು ಹೊರಟರು. "ಬಾಯಲ್ಲಿ ಆಡಬಾರದು ಸ್ವಾಮಿ" ಎಂದು ಕೈಗಳ ಮೇಲೆ ಟವಲು ಮುಚ್ಚಿ, ಒಳಗೆ ಬೆರಳು ಹಿಡಿಯುವುದನ್ನು ಕಲಿಸಿದೆ. ಹಿಡಿದ ಬೆರಳೆಷ್ಟೋ ಬೆಲೆ ಅಷ್ಟು, ಸುತ್ತ ನಿಂತವರಿಗೆ ತಿಳಿಯಬಾರದು. ಅವರ ಕೈ ಬೆವರುತ್ತಿತ್ತು. ಬೆವರುವ ಕೈ ಯಾವತ್ತೂ ಒಂದು ಬೆರಳು ಹೆಚ್ಚಿಗೆ ಕೊಡುತ್ತದೆ.

11-2-79

ಹೊಂಬಾಳ ಮತ್ತೆ ಹರಳೆಣ್ಣೆ ಬೇಕೆಂದಳು. ಹೋದ ಸಂತೆಯಲ್ಲಿ ತಾನೇ ತಂದಿದ್ದೆ. ಮನೆಯಲ್ಲಿ ಇರುವುದು ಐದು ತಲೆ. ಅದರಲ್ಲಿ ನಮ್ಮ ಇಬ್ಬರು ಗಂಡು ಹೈಕಳು ಎಣ್ಣೆ ಮುಟ್ಟುವುದಿಲ್ಲ, ಕ್ರಾಪು ಕೆಡುತ್ತದಂತೆ. ಲೆಕ್ಕ ಕೂಡುತ್ತಿಲ್ಲ. ಅವಳ ತವರಿಗೆ ಹೋಗುತ್ತಿರಬೇಕು. ಕೇಳಲಿಲ್ಲ. ಹೆಂಡತಿಯ ತವರಿನ ಲೆಕ್ಕ ತೆಗೆದವನು ಸುಖವಾಗಿ ಉಂಡದ್ದು ಕಾಣೆ.

ಮಧ್ಯಾಹ್ನ ನೆಂಟರು. ಪಟ್ಲಿ ಒಳಗಿಂದ ನೀರಿನ ಚೊಂಬು ತಂದಳು. ಒಂಬತ್ತು ತುಂಬಿತು ಅವಳಿಗೆ. ಪಟ್ಟಲಮ್ಮ ಎಂದು ದೇವರ ಹೆಸರಿಟ್ಟಿದ್ದೆವು. ಎರಡನೇ ವರ್ಷ ಜ್ವರ ಬಂದು ಎಡಗಾಲು ಒಣಗಿ ಪುಳ್ಳೆಯಾಯಿತು. ದೇವರು ಹೆಸರು ಉಳಿಸಿಕೊಂಡಿತು, ಕಾಲು ಬಿಟ್ಟಿತು.

ಬಂದವರು ಒಬ್ಬರಾದರೂ ಗುರುತಿಸಲಿ ನೋಡೋಣ! ಎಡಗೈಯಲ್ಲಿ ಲಂಗ ಹಿಡಿದು ಬಂದಳು. ಎಲ್ಲ ಹೆಣ್ಣುಮಕ್ಕಳೂ ಹಾಗೇ ಹಿಡಿಯುತ್ತಾರೆ. ಇವಳ ಕೈ ಲಂಗ ಹಿಡಿದ ಹಾಗೆ ಕಾಣುತ್ತದೆ ಅಷ್ಟೆ, ಒತ್ತಿ ಹಿಡಿದಿರುವುದು ತೊಡೆಯನ್ನು — ಮಂಡಿ ಮಡಚಿ ಬೀಳದ ಹಾಗೆ. ಒಳ್ಳೆ ಕಾಲು ಮೊದಲು. ಗೋಡೆ ಪಕ್ಕ. ನೆಂಟರು ತಲೆ ಎತ್ತುವ ಹೊತ್ತಿಗೆ ನಿಂತಿರಬೇಕು, ಅವರು ತಲೆ ತಗ್ಗಿಸಿದಾಗ ನಡೆಯಬೇಕು. ಎಲ್ಲ ನಾನು ಕಲಿಸಿದ್ದು. ಆಟದ ಹಾಗೆ ಕಲಿತಳು. ಈ ಬೀದಿಯಲ್ಲಿ ಅರ್ಧ ಜನಕ್ಕೆ ಇಂದಿಗೂ ಗೊತ್ತಿಲ್ಲ. ಎದುರಿಗೇ ಶಾಲೆ ಇರುವುದು ಒಂದು ಪುಣ್ಯ.

ನೆಂಟರು ಹೋದ ಮೇಲೆ ನನ್ನ ಟವಲಿನ ಕೆಳಗೆ ಕೈ ತೂರಿಸಿ ಮೂರು ಬೆರಳು ಒತ್ತಿದಳು. ಮೂರು ಪೆಪ್ಪರಮೆಂಟು ಎಂದು ಅರ್ಥ. ಎರಡಕ್ಕೆ ಇಳಿಸಿದೆ.

19-2-79

ಸಂತೆ ಲೈಸೆನ್ಸಿಗೆಂದು ತಾಲ್ಲೂಕು ಕಚೇರಿಗೆ ಹೋಗಿದ್ದೆ. ಗುಮಾಸ್ತೆ ಕಸ್ತೂರಿರಂಗಯ್ಯನವರು ಕನ್ನಡಕ ಏರಿಸಿ, "ಅಂಕಯ್ಯ, ನಿಮ್ಮ ಹುಡುಗಿಗೆ ಕಾಲು ಸರಿಯಿಲ್ಲ ಅಂತ ಕೇಳಿದ್ದೆ. ಅಂಗವಿಕಲರಿಗೆ ತಿಂಗಳು ತಿಂಗಳು ಮಾಸಾಶನ ಬರುತ್ತೆ ಕಣ್ರೀ ಈಗ. ಹೊಸ ಸ್ಕೀಮು. ಅರ್ಜಿ ಹಾಕಿ" ಎಂದರು.

ಯಾರು ಹೇಳಿದ್ದು ಎಂದೆ, ಸ್ವಲ್ಪ ಬಿರುಸಾಗಿಯೇ. ಇಷ್ಟು ವರ್ಷ ಮುಚ್ಚಿಟ್ಟ ಮಾತು.

"ಯಾರು ಹೇಳಿದ್ರೇನ್ರಿ. ಬರೋದು ಬಿಡ್ತೀರಾ?"

ದಾರಿಯುದ್ದಕ್ಕೂ ಯೋಚನೆ. ತಿಂಗಳಿಗೆ ಬರುವುದರಲ್ಲಿ ಕುರಿಯ ಒಂದು ಕಾಲು ಬಂದೀತು. ಸರ್ಕಾರಕ್ಕೂ ವಿನೋದ ಇದೆ — ಕಾಲಿಗೆ ಕಾಲು. ದುಡ್ಡು ದೊಡ್ಡದಲ್ಲ. ಆದರೆ ಹುಡುಗಿಯ ಹೆಸರಿಗೆ ಬರುತ್ತದಂತೆ, ಅವಳು ಇರುವ ತನಕ. ಆ ಮಾತು ಹಿಡಿಯಿತು.

ನಮ್ಮ ಬೆಟ್ಟಮ್ಮಕ್ಕನನ್ನು ನೋಡಿದ್ದೇನೆ. ಬೆನ್ನು ಗೂನಾಗಿತ್ತು, ಮದುವೆಯಾಗಲಿಲ್ಲ. ದೊಡ್ಡಣ್ಣನ ಮನೆಯಲ್ಲಿ ಸಾಯುವವರೆಗೂ ಸಗಣಿ ಬಾಚಿದಳು. ಉಣ್ಣುವಾಗ ಗೋಡೆಗೆ ಮುಖ ಮಾಡಿ ಕೂರುತ್ತಿದ್ದಳು, ಎಷ್ಟು ಉಣ್ಣುತ್ತಾಳೆ ಎಂದು ಅತ್ತಿಗೆಗೆ ಕಾಣಬಾರದೆಂದು. ನನ್ನ ಗಂಡು ಮಕ್ಕಳು ಒಳ್ಳೆಯವರೇ. ನಮ್ಮ ದೊಡ್ಡಣ್ಣನೂ ಒಳ್ಳೆಯವನೇ ಆಗಿದ್ದ.

ಪಟ್ಲಿ ಗೋಡೆಗೆ ಮುಖ ಮಾಡಿ ಉಣ್ಣಬಾರದು. ಹಾಕುತ್ತೇನೆ ಅರ್ಜಿ.

8-3-79

ವಯಸ್ಸಿನ ಪತ್ರ, ಆದಾಯದ ಪತ್ರ, ವಾಸದ ಪತ್ರ. ಒಂದು ತಂದರೆ ಇನ್ನೊಂದು ಕೇಳುತ್ತಾರೆ. ಹುಟ್ಟಿದ್ದಾಳೆ ಎಂಬುದಕ್ಕೆ ಹುಡುಗಿಯೇ ಎದುರಿಗಿದ್ದರೆ ಸಾಲದು.

ಇವತ್ತು ಫೋಟೋ. ನಜೀರ್ ಅಹ್ಮದ್ ಸಾಹೇಬರ ಸ್ಟುಡಿಯೋ. ಮಾಲುಗಣ್ಣು, ಉಬ್ಬುಹಲ್ಲು ಎಲ್ಲ ಮರೆಸಿ ಹೆಣ್ಣುಮಕ್ಕಳ ಫೋಟೋ ತೆಗೆದು ಎಷ್ಟೋ ಮದುವೆ ಕೂಡಿಸಿದ ಕೈ. ಪಟ್ಲಿಯನ್ನು ಕುರ್ಚಿಯಲ್ಲಿ ಕೂರಿಸಿದರು. ಲಂಗದ ನೆರಿಗೆಯನ್ನು ಕಾಲ ಮೇಲೆ ಬೀಸಣಿಗೆ ಹಾಗೆ ಹರಡಿದರು. ಪಕ್ಕಕ್ಕೆ ಪ್ಲಾಸ್ಟಿಕ್ ಹೂವಿನ ಕುಂಡ. ಹಿಂದೆ ತಾಜಮಹಲಿನ ಪರದೆ. "ನಗು ಬೇಟಿ" ಎಂದರು. ನಕ್ಕಳು. ರಾಣಿ ಹಾಗೆ ಬಂದಿದೆ. ನಾನೂ ಪಕ್ಕದಲ್ಲಿ ನಿಂತು ನೆರಿಗೆ ಸರಿಮಾಡಿದೆ.

15-3-79

ಕಸ್ತೂರಿರಂಗಯ್ಯ ಫೋಟೋ ಹಿಡಿದು ಎರಡೂ ಕಡೆ ತಿರುಗಿಸಿದರು. "ಚೆನ್ನಾಗಿದೆ. ಕಾಲೆಲ್ಲಿ?"

ಲಂಗದ ಕೆಳಗೆ ಎಂದೆ.

"ಏನ್ರೀ ಅಂಕಯ್ಯ, ಗಂಡು ಹುಡುಕ್ತಿದ್ದೀರಾ, ಮಾಸಾಶನ ಕೇಳ್ತಿದ್ದೀರಾ? ಊನ ಕಾಣಬೇಕು ಕಣ್ರೀ."

ಪಕ್ಕದ ಗುಮಾಸ್ತರೆಲ್ಲ ನಕ್ಕರು. ನಾನೂ ನಕ್ಕೆ. ಎದುರಿಗಿನವನು ನಗುವಾಗ ನಗದಿದ್ದರೆ ವ್ಯಾಪಾರ ಮುರಿಯುತ್ತದೆ.

21-3-79

ಮತ್ತೆ ಸ್ಟುಡಿಯೋ. ಲಂಗ ಮೊಣಕಾಲಿನ ತನಕ ಸರಿಸಿ ನಿಲ್ಲಬೇಕು. ಪಟ್ಲಿ ಒಲ್ಲೆ ಎಂದಳು. ಹೊಂಬಾಳ ತಾನೇ ಅಡ್ಡ ನಿಂತು, ಬಾಗಿಲು ಹಾಕಿಸಿ, ಹಿಡಿದು ನಿಲ್ಲಿಸಿದಳು. ಪರದೆ ಇಲ್ಲ, ಹೂವಿನ ಕುಂಡ ಇಲ್ಲ. ನಜೀರ್ ಸಾಹೇಬರು ಕಪ್ಪು ಬಟ್ಟೆಯೊಳಗಿಂದ ತಲೆ ತೆಗೆದು, "ಐಬು ಮುಚ್ಚೋಕೆ ಜನ ನನ್ಹತ್ರ ಬರ್ತಾರೆ ಅಣ್ಣಾ. ತೋರ್ಸೋಕೆ ಬಂದೋರು ನೀವೇ ಮೊದಲು" ಎಂದರು. ಹಣ ತೆಗೆದುಕೊಳ್ಳಲಿಲ್ಲ. ತೆಗೆದುಕೊಂಡಿದ್ದರೆ ಚೆನ್ನಾಗಿತ್ತು.

ಈ ಸಲ ನಕ್ಕಿಲ್ಲ ಅವಳು.

24-4-79

ಮದ್ದೂರು ಸಂತೆಯಲ್ಲಿ ಆ ಆತಗೂರು ಮೇಷ್ಟ್ರು ಹುಡುಕಿಕೊಂಡು ಬಂದು ಹಿಡಿದರು. ಕುಂಟು ಕುರಿ ನನ್ನ ತಲೆಗೆ ಕಟ್ಟಿದೆ ನೀನು, ಮೋಸಗಾರ, ಹಾಗೆ ಹೀಗೆ. ಜನ ಸೇರಿತು. ನಾನು ಸಾವಧಾನವಾಗಿ ಕೇಳಿದೆ: "ಅವತ್ತು ನಿಮ್ಮ ಕಣ್ಣೆದುರಿಗೆ ಅದು ನಡೆದದ್ದು ನಿಜ ತಾನೇ ಸ್ವಾಮಿ?"

ಹೌದು, ನಡೆಯಿತು, ಆದರೆ —

"ನಡೆದದ್ದು ನಿಜ ತಾನೇ?"

ಜೊತೆಯ ದಲ್ಲಾಳಿ ಚಿಕ್ಕಬೋರಯ್ಯ ಬಿದ್ದು ಬಿದ್ದು ನಕ್ಕ. ಮೇಷ್ಟ್ರು ಹೋದರು. ಓದಿದವರಿಗೆ ಬೈಯುವುದಕ್ಕೂ ವಾಕ್ಯ ಕೂಡಿಸಬೇಕು, ಅಷ್ಟರಲ್ಲಿ ನಮ್ಮ ಮಾತು ಮುಗಿದಿರುತ್ತದೆ.

21-5-79

ಕಚೇರಿ. ಫೈಲು ಮಂಡ್ಯಕ್ಕೆ ಹೋಗಿದೆ.

4-6-79

ಕಚೇರಿ. ಫೈಲು ಮಂಡ್ಯಕ್ಕೆ ಹೋಗಿಲ್ಲ, ಹೋಗುತ್ತದೆ. ಹಾಗಾದರೆ ಹೋದ ತಿಂಗಳು ಹೋದದ್ದು ಯಾವುದು ಎಂದೆ. "ಅದು ಬೇರೆ ಫೈಲು ರೀ." ಮುತ್ತತ್ತಿಯ ಪರದ ಊಟಕ್ಕೆ ಎಂದು ಎಂಟು ಟಗರು ಹೇಳಿದ್ದರು, ಇಲ್ಲಿ ಬೆಂಚು ಕಾಯುತ್ತಾ ಕೂತದ್ದಕ್ಕೆ ಆ ವ್ಯಾಪಾರ ಚಿಕ್ಕಬೋರಯ್ಯ ಹೊಡೆದುಕೊಂಡ. ಪಾಪ, ಅವನ ತಪ್ಪಿಲ್ಲ. ನಾನಾಗಿದ್ದರೂ ಹೊಡೆಯುತ್ತಿದ್ದೆ.

28-6-79, ಮಂಡ್ಯ

ಡಾಕ್ಟರ ಬೋರ್ಡು. ಒಂದು ಮದುವೆ ಛತ್ರದಲ್ಲಿ ಕ್ಯಾಂಪು. ಹೆಣ್ಣು ಗಂಡು ಕೂರುವ ಮಂಟಪದಲ್ಲಿ ಮೇಜು ಹಾಕಿ ಮೂವರು ಡಾಕ್ಟರು. ಹಿಂದಿನ ಮದುವೆಯ ಬಾಳೆಕಂದು ಇನ್ನೂ ಕಟ್ಟಿತ್ತು, ಒಣಗಿ. ಕೆಳಗೆ ಸಾಲು. ಹೆಗಲ ಮೇಲೆ ಹೊತ್ತವರು, ತಳ್ಳುಗಾಡಿಯಲ್ಲಿ ತಂದವರು. ಇಷ್ಟೊಂದು ಮಕ್ಕಳು ಇಷ್ಟು ದಿನ ಎಲ್ಲಿದ್ದರು? ಎಲ್ಲರ ಮನೆಯಲ್ಲೂ ಒಬ್ಬ ಅಂಕಯ್ಯ ಇದ್ದಾನೆ.

ಮಧ್ಯಾಹ್ನ ದಾಟಿದ ಮೇಲೆ ನಮ್ಮ ಸರದಿ. ಡಾಕ್ಟರು ಟೇಪು ಹಿಡಿದು ಕಾಲಿನ ಸುತ್ತಳತೆ ನೋಡಿದರು. ಹಸಿದಿದ್ದರು, ಪಾಪ. "ನಡಿಯಮ್ಮ, ಆ ಕಂಬದ ತನಕ ಹೋಗಿ ಬಾ" ಎಂದರು.

ಪಟ್ಲಿ ಸುತ್ತ ನೋಡಿದಳು. ಛತ್ರದ ತುಂಬ ಜನ. ಎಲ್ಲರ ಕಣ್ಣೂ ಅವಳ ಮೇಲೆ. ನನ್ನನ್ನು ನೋಡಿದಳು. ಎಡಗೈಯಲ್ಲಿ ಲಂಗ ಹಿಡಿದಳು.

ನಡೆದಳು. ಒಳ್ಳೆ ಕಾಲು ಮೊದಲು, ಗೋಡೆ ಪಕ್ಕ. ಡಾಕ್ಟರು ಬರೆಯಲು ತಲೆ ತಗ್ಗಿಸಿದಾಗ ನಡೆದು, ತಲೆ ಎತ್ತಿದಾಗ ನಿಂತು. ಕಂಬ ಮುಟ್ಟಿ ಬಂದಳು. ಒಂದು ಕಡೆಯೂ ಎಡವಲಿಲ್ಲ. ಡಾಕ್ಟರು "ವೆರಿ ಗುಡ್" ಎಂದರು. ಪಕ್ಕದ ಸಾಲಿನ ಹೆಂಗಸು "ಏನೂ ಇಲ್ವಲ್ಲವ್ವ ಈ ಮಗೀಗೆ" ಎಂದಳು.

ನನ್ನ ಮುಖ ಹೂವಿನ ಹಾಗೆ ಅರಳಿತ್ತು. ಇದನ್ನು ಬರೆಯಲೇಬೇಕು. ಅರಳಿತ್ತು. ಸಂತೆಯಲ್ಲಿ ಒಳ್ಳೆ ರೇಟು ಬಂದಾಗ ಅರಳುವ ಹಾಗೆ.

ಬಸ್ಸು ಮದ್ದೂರು ದಾಟುವ ತನಕ ಹೊಳೆಯಲಿಲ್ಲ, ನಾವು ಹೋದದ್ದು ಯಾತಕ್ಕೆ ಎಂದು. ಹೊಳೆದಾಗ ಅವಳು ನನ್ನ ತೊಡೆ ಮೇಲೆ ತಲೆ ಇಟ್ಟು ನಿದ್ದೆ. ಏಳಿಸಲಿಲ್ಲ.

2-8-79

ಬಂತು ಕಾಗದ. ಮೂವತ್ತು ಪರ್ಸೆಂಟು. ಸ್ಕೀಮಿಗೆ ಬೇಕಾದಷ್ಟು ಊನ ಇಲ್ಲವಾಗಿ ಅರ್ಜಿ ವಜಾ.

ಕಚೇರಿಗೆ ಹೋಗಿ ಮೇಜಿನ ಮೇಲೆ ಎಸೆದೆ. ಆ ಹುಡುಗಿಯ ಕಾಲು ನೋಡಿದ್ದೀರಾ ನೀವು, ಬೆರಳು ಸುತ್ತಿದರೆ ಹಿಡಿಗೆ ಸಿಗುತ್ತದೆ ಎಂದು ಕೂಗಾಡಿದೆ. ಕಸ್ತೂರಿರಂಗಯ್ಯ ಕನ್ನಡಕ ಒರೆಸಿಕೊಂಡರು. ಕೋಪ ಇಲ್ಲ, ನಗು ಇಲ್ಲ.

"ಡಾಕ್ಟರು ಬರೆದಿದ್ದಾರೆ, ಆಧಾರ ಇಲ್ಲದೆ ನಡೆಯುತ್ತಾಳೆ ಅಂತ. ನಡೆದದ್ದು ನಿಜ ತಾನೇ ಅಂಕಯ್ಯ?"

ನನ್ನದೇ ಮಾತು. ಕೆಳಗೆ ಇಳಿದು ಬಂದು ಸೋಡಾ ಕುಡಿದೆ.

ಮತ್ತೆ ನೋಡಿ ಎಂದು ಅರ್ಜಿ ಕೊಡಬಹುದಂತೆ. ಕೊಟ್ಟೆ. ಮುಂದಿನ ಕ್ಯಾಂಪು ಯಾವಾಗ? ಬಂದಾಗ.

7-8-79, ಮದ್ದೂರು

ಚಿಕ್ಕಬೋರಯ್ಯನಿಗೆ ಹೇಳಬಾರದಿತ್ತು, ಹೇಳಿದೆ.

"ನಿನ್ ಜಾಣತನ ನಿನ್ನೇ ತಿಂತು ಕಣ್ಲಾ ಅಂಕ. ಕೊಳ್ಳೋನ್ ಕಣ್ಣು ನೋಡಿ ಸರಕು ತೋರ್ಸು ಅಂತ ನಂಗೆ ಹೇಳ್ಕೊಟ್ಟೋನೇ ನೀನು. ಸರ್ಕಾರ ಕೊಳ್ಳಾದು ಊನಾನ. ನೀನ್ ಓಗಿ ಒಳ್ಳೆ ಕಾಲು ತೋರ್ಸ್ ಬಂದಿದ್ದೀಯ."

"ಅವ್ಳು ಸರಕಲ್ಲ ಕಣ್ಲಾ."

"ಇಷ್ಟು ವರ್ಸ ಸರಕಿನಂಗೆ ಮುಚ್ಚಿಟ್ಟೋನ್ ಯಾರು ಮತ್ತೆ? ಕೋಪ ಮಾಡ್ಕಬ್ಯಾಡ. ಓಗು, ಕುಂಟೋದ ಕಲಿಸು. ಕುಂಟೋದ ಮರೆಸೋನಿಗೆ ಕಲಿಸೋದು ಕಷ್ಟವಾ?"

ಅವನ ಬಾಯಿಗೆ ಹುಳ ಬೀಳ. ಆದರೆ ಮಾತು ಸರಿ.

10-8-79, ಮಧ್ಯಾಹ್ನ

ಊಟ ಆದ ಮೇಲೆ ಪಟ್ಲಿಯನ್ನು ನಡುಮನೆಗೆ ಕರೆದೆ. ಗಂಡು ಹೈಕಳು ಹೊರಗೆ. ಕಲಿಸಲು ಕೂತೆ.

"ಲಂಗ ಬುಡವ್ವ. ಕೈ ತೆಗ್ದು ನಡಿ."

"ಬಿದ್ದೋಯ್ತೀನಿ."

"ಬೀಳಂಗೇ ನಡಿ. ಡಾಕ್ಟ್ರು ನೋಡ್ಲಿ."

ನಕ್ಕಳು. "ನೀನೇ ಕೈ ಮಡಗು ಅಂತೀಯ, ನೀನೇ ತೆಗಿ ಅಂತೀಯ."

"ಆಟ ಅಲ್ಲ ಕಣವ್ವ. ಯಾರೂ ನೋಡ್ದೆ ಇರುವಾಗ ಎಂಗ್ ನಡೀತೀಯೋ ಅಂಗೇ ನಡಿ. ಅಷ್ಟೇಯ."

"ಯಾರೂ ನೋಡ್ದೆ ಇರುವಾಗ ನಾನ್ ನಡೆಯಾಕಿಲ್ಲ ಕಣಪ್ಪ."

"ಮತ್ತೆ?"

"ತೆವಳ್ತೀನಿ."

ಊಟ ಆಯಿತು ಎಂದು ಹೇಳುವ ಹಾಗೆ ಹೇಳಿದಳು.

"ನಾನು ಮನೇಲಿದ್ದಾಗ ನಡೀತೀಯಲ್ಲವ್ವ?"

"ನೀನ್ ನೋಡ್ತಿರ್ತೀಯಲ್ಲ."

ಹೊಂಬಾಳ ಮೊರ ಹಿಡಿದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದಳು. ಒಳಗೆ ಹೋಗಲೂ ಇಲ್ಲ, ಹೊರಗೆ ಬರಲೂ ಇಲ್ಲ. ನಿನಗೆ ಗೊತ್ತಿತ್ತಾ ಎಂದೆ.

"ನೀನ್ ಸಂತೆಗೆ ಓದ್ಮ್ಯಾಲೆ ಮನೇಲಿರೋಳು ನಾನು. ಗೊತ್ತಿಲ್ದೆ ಇದ್ದದಾ? ಇಸ್ಕೂಲಿಗೆ ಗಂಟೆ ಒಡೆಯಾಕ್ ಮುಂಚೆ ಉಪ್ಪುಮೂಟೆ ಒತ್ಕೊಂಡೋಗಿ ಕೂರ್ಸ್ತೀನಿ. ಎಲ್ರೂ ಓದ್ಮ್ಯಾಲೆ ಓಗಿ ಒತ್ಕೊಂಡ್ ಬತ್ತೀನಿ. ನೆಂಟ್ರಿಗೆ ಒಂದು ಚೊಂಬು ನೀರು ತಂದ್ಕೊಟ್ರೆ ಆ ರಾತ್ರಿಯೆಲ್ಲ ಕಾಲು ನೋವು ಅಂತ ನರಳ್ತದೆ ಮಗು. ನೀನ್ ಎದ್ದೀಯ ಅಂತ ನನ್ ಸೆರಗ ಬಾಯ್ಗೆ ತುರುಕ್ಕತ್ತದೆ."

"ಯಾಕೆ ಹೇಳ್ಲಿಲ್ಲ?"

"ಏಳಿದ್ರೆ? ನೀನು ಅವ್ಳ ನಡಿಗೆ ನೋಡಿ ಅರಳೋದ ನಾನೂ ನೋಡಿವ್ನಿ, ಅವ್ಳೂ ನೋಡವ್ಳೆ."

ಪಟ್ಲಿಯ ಮಂಡಿ ತೋರಿಸಿದಳು. ಗಟ್ಟಿ ಚರ್ಮ, ಎತ್ತಿನ ಹೆಗಲಿನ ಹಾಗೆ. ಒಡೆದ ಕಡೆ ಎಣ್ಣೆ ಹಚ್ಚಿ ಮಿರಮಿರ ಎನ್ನುತ್ತಿತ್ತು. ಹರಳೆಣ್ಣೆ.

11-8-79

ಹರಳೆಣ್ಣೆ ತಂದೆ. ದೊಡ್ಡ ಡಬ್ಬ.

3-9-79

ಬರೆಯಲು ಮನಸ್ಸಿಲ್ಲ. ಕುರಿಯ ಲೆಕ್ಕ ಮಾತ್ರ ಹಿಂದಿನ ಹಾಳೆಗಳಲ್ಲಿದೆ.

ನಾನು ಮನೆಯಲ್ಲಿದ್ದರೆ ಈಗಲೂ ನಡೆಯುತ್ತಾಳೆ. ನಡೆಯಬೇಡ ಕಣವ್ವ ಎಂದು ಒಂದು ದಿನ ಹೇಳಿದೆ. ಯಾಕೆ, ಚೆನ್ನಾಗಿ ನಡೆಯಲಿಲ್ವಾ ಎಂದು ಕೇಳಿ ಇನ್ನೂ ನೆಟ್ಟಗೆ ನಡೆದಳು. ಅದಕ್ಕೇ ಜಗಲಿಯಲ್ಲೇ ಕೂರುತ್ತೇನೆ. ಊಟವನ್ನೂ ಅಲ್ಲಿಗೇ ತರಿಸಿಕೊಳ್ಳುತ್ತೇನೆ. ಒಳಗೆ ಹೋಗುವ ಮೊದಲು, ಅವಳಿಗೆ ತಿಳಿಯಲಿ ಎಂದು, ಕೆಮ್ಮುತ್ತೇನೆ. ಕ್ಷಯ ಗಿಯ ಬಂದಿದೆಯಾ ಎಂದು ಪಕ್ಕದ ಮನೆ ಪಂಕಜಮ್ಮ ವಿಚಾರಿಸಿದರು.

ನಮ್ಮಕ್ಕ ಗೋಡೆಗೆ ಮುಖ ಮಾಡಿ ಉಣ್ಣುತ್ತಿದ್ದಳು. ನಾನು ಬೀದಿಗೆ ಮುಖ ಮಾಡಿ ಉಣ್ಣುತ್ತಿದ್ದೇನೆ. ಲೆಕ್ಕ ಸರಿಹೋಯಿತು.

11-10-79, ಮದ್ದೂರು

ಎರಡನೇ ಕ್ಯಾಂಪು. ಈ ಸಲ ಮದ್ದೂರಿನಲ್ಲೇ, ಇನ್ನೊಂದು ಛತ್ರ. ನಾನು ಏನೂ ಕಲಿಸಿರಲಿಲ್ಲ. ಹೊಂಬಾಳ ಹಸಿರು ಲಂಗ ಉಡಿಸಿದ್ದಳು, ಹೊಸದು. ಅವಳ ಹಟ — ಯಾವ ಕ್ಯಾಂಪಾದರೂ ಮಗು ಹಳೇ ಬಟ್ಟೆಯಲ್ಲಿ ಹೋಗಬಾರದು.

ಸಾಲಿನಲ್ಲಿ ಪಟ್ಲಿ ಕೇಳಿದಳು. "ಇಲ್ಲಿ ನೋಡೋರು ಬಾಳ ಜನ ಅವ್ರೆ ಅಲ್ವಾ?"

"ಅವ್ರೆ. ನಿಂಗೆ ಎಂಗ್ ಬೇಕೋ ಅಂಗ್ ನಡಿ. ನಾನೇನೂ ಅನ್ನಾಕಿಲ್ಲ."

"ದುಡ್ಡು ನನ್ ಎಸರಿಗೇ ಬರಾದಾ?"

"ನಿನ್ ಎಸರಿಗೇ."

"ಅಣ್ಣಂದಿರು ಕೇಳಾಕಿಲ್ವಾ? ಅತ್ತಿಗೇರು ಬಂದ್ಮ್ಯಾಲೆ?"

ಇದನ್ನು ಯಾರು ಹೇಳಿಕೊಟ್ಟರೋ. ಬೆಟ್ಟಮ್ಮಕ್ಕನ ಕಥೆ ಹೊಂಬಾಳ ಹೇಳಿರಬೇಕು. "ಯಾರೂ ಕೇಳಂಗಿಲ್ಲ" ಎಂದೆ.

ಕರೆದರು. ಅದೇ ಡಾಕ್ಟರು. ಹಳೇ ಕಾಗದ ನೋಡಿ, "ನಡೀತಾಳಲ್ಲ ಈ ಹುಡುಗಿ? ಮತ್ತೆ ಯಾಕೆ ಬಂದ್ರಿ?" ಎಂದರು.

ಪಟ್ಲಿ ಲಂಗ ಬಿಟ್ಟಳು. ಬಾಗಿಲ ಹತ್ತಿರವೇ ನೆಲಕ್ಕೆ ಕೂತಳು. ಕೈ ಊರಿ, ಮಂಡಿ ಊರಿ, ಪುಳ್ಳೆ ಕಾಲನ್ನು ಹಿಂದೆ ಎಳೆದುಕೊಂಡು ಹೊರಟಳು. ನಾನು ಮೊದಲ ಸಲ ನೋಡಿದ್ದು. ಎಷ್ಟು ಬೇಗ ಹೋಗುತ್ತಾಳೆ! ನೀರಿನಲ್ಲಿ ಮೀನು ಹೋದ ಹಾಗೆ. ಎಲ್ಲಿ ಕೈ ಇಡಬೇಕು, ಎಲ್ಲಿ ತಿರುಗಬೇಕು, ಎಲ್ಲ ಪಳಗಿದೆ. ನಡೆಯುವಾಗ ಹಲ್ಲು ಕಚ್ಚಿರುತ್ತಿದ್ದಳು ಎಂದು ಈಗ ಗೊತ್ತಾಯಿತು, ತೆವಳುವಾಗ ಕಚ್ಚಿರಲಿಲ್ಲ.

"ಸಾಕು, ಸಾಕಮ್ಮ" ಎಂದರು ಡಾಕ್ಟರು. ನಿಲ್ಲಲಿಲ್ಲ. ಮೇಜಿನ ಕಾಲು ಮುಟ್ಟಿದ ಮೇಲೇ ನಿಂತದ್ದು. ಹಸಿರು ಲಂಗ ಮುಂದೆಲ್ಲ ಧೂಳು.

ಡಾಕ್ಟರು ಬಹಳ ಹೊತ್ತು ಬರೆದರು. ಕಾಗದ ಜೋಡಿಸಲು ಬಂದಿದ್ದ ಕಸ್ತೂರಿರಂಗಯ್ಯ ನನ್ನ ಕಿವಿಯ ಹತ್ತಿರ, "ಇದನ್ನ ಮೊದಲೇ ತೋರಿಸಬಾರದಿತ್ತೇನ್ರೀ?" ಎಂದರು. ಒಳ್ಳೆಯ ಮನುಷ್ಯ. ಆ ಹೊತ್ತಿಗೆ ಅವರ ಕೆನ್ನೆಗೆ ಬಿಡಬೇಕೆನಿಸಿತು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂರಿಸಿದೆ. ಕೊಪ್ಪರಿಗೆಯಲ್ಲಿ ಬೆಲ್ಲ ಕಾಯುವ ವಾಸನೆ ಬರುತ್ತಿತ್ತು ಎಲ್ಲಿಂದಲೋ. ಪಟ್ಲಿ ನನ್ನ ಹೆಗಲ ಟವಲು ಎಳೆದು ನನ್ನ ಕೈ ಮೇಲೆ ಹಾಕಿ, ಒಳಗೆ ತನ್ನ ಕೈ ಇಟ್ಟಳು.

"ಅಪ್ಪಾ, ನಾನ್ ಎಷ್ಟಕ್ಕೋದೆ?"

ಅವಳಿಗೆ ಅದು ಆಟ. ಪೆಪ್ಪರಮೆಂಟಿನ ಹಾಗೆ. ಬೆರಳು ಕೊಡಬೇಕಿತ್ತು, ಯಾವುದನ್ನಾದರೂ. ಒಂದು ಬೆರಳೂ ಏಳಲಿಲ್ಲ. ಕೈ ಬೆವರಿತ್ತು. ನನ್ನದು.

19-11-79

ಮಂಜೂರಾಗಿದೆ. ಕಸ್ತೂರಿರಂಗಯ್ಯ ತಾವೇ ಮನೆ ಬಾಗಿಲಿಗೆ ಬಂದು ಹೇಳಿದರು. ಹೊಂಬಾಳ ಕಾಫಿ ಕೊಟ್ಟಳು, ಕುಡಿದರು. ಮನಿಯಾರ್ಡರಿನಲ್ಲಿ ಬರುತ್ತದಂತೆ.

ಸಂತೋಷ ಆಗಬೇಕಿತ್ತು. ಆಗುತ್ತಿರಬೇಕು ಎಲ್ಲೋ.

10-12-79

ಬಂದಿಲ್ಲ. ಮಂಜೂರಾದದ್ದಕ್ಕೂ ಬರುವುದಕ್ಕೂ ನಡುವೆ ಇನ್ನೊಂದು ಫೈಲು ಇದೆಯಂತೆ.

27-12-79, ಬೆಳಿಗ್ಗೆ

ಬಂತು.

ಪೋಸ್ಟ್‌ಮನ್ ಸಂಪತ್ ಕುಮಾರ ಸೈಕಲ್ಲನ್ನು ಕಲ್ಲಿಗೆ ಒರಗಿಸಿ, ಬೀದಿಗೆಲ್ಲ ಕೇಳುವ ಹಾಗೆ, "ಅಂಗವಿಕಲೆ ಪಟ್ಟಲಮ್ಮ ಯಾರಣ್ಣ ಇಲ್ಲಿ? ಮನಿಯಾರ್ಡರು!" ಎಂದು ಕೂಗಿದ. ನಲ್ಲಿ ಹತ್ತಿರ ಬಿಂದಿಗೆ ಹಿಡಿದು ನಿಂತಿದ್ದ ಹೆಂಗಸರೆಲ್ಲ ತಿರುಗಿದರು. ಪಂಕಜಮ್ಮ ಸಹಿತ.

ನಾನು ಏಳುವಷ್ಟರಲ್ಲಿ ಪಟ್ಲಿ ಒಳಗಿಂದ ಬಂದಳು. ನಡೆದು. ಲಂಗ ಹಿಡಿದು, ಒಳ್ಳೆ ಕಾಲು ಮೊದಲು, ಗೋಡೆ ಪಕ್ಕ. ನೋಡುವವರಿದ್ದರಲ್ಲ.

ಸಂಪತ್ ಫಾರಂ ನೋಡಿದ, ಅವಳನ್ನು ನೋಡಿದ, ನನ್ನನ್ನು ನೋಡಿದ. ಬಾಯಿ ಅಗಲವಾಯಿತು.

"ಇವ್ಳಾ? ದಿನಾ ನೋಡ್ತೀನಿ, ಜಿಂಕೆ ಮರಿ ಹಂಗೆ ನಿಂತಿರ್ತಾಳೆ ಬಾಗಿಲಲ್ಲಿ! ಅಂಕಣ್ಣ, ಸಂತೇಲಿ ಕುಂಟು ಕುರೀನ ಚೆನ್ನಾಗದೆ ಅಂತ ಮಾರ್ತಿದ್ದೆ. ಸರ್ಕಾರಕ್ಕೆ ಚೆನ್ನಾಗಿರೋ ಮಗಳ ಕುಂಟಿ ಅಂತ ಮಾರ್ಬುಟ್ಯಲ್ಲಣ್ಣೋ!"

ನಲ್ಲಿ ಕಡೆಯಿಂದ ನಗು. "ಅಂಕಯ್ಯ ಅಂದ್ರೆ ಸುಮ್ನಾ" ಎಂದಿತು ಒಂದು ದನಿ. "ಬಡವರ ದುಡ್ಡು ಕಣಮ್ಮ, ದಕ್ಕಾಕಿಲ್ಲ" ಎಂದಿತು ಇನ್ನೊಂದು.

ಪಟ್ಲಿ ನನ್ನ ಮುಖ ನೋಡುತ್ತಿದ್ದಳು. ಲಂಗ ಹಿಡಿದ ಬೆರಳು ಬೆಳ್ಳಗಾಗಿದ್ದವು. ಒಂದು ಮಾತು ಆಡಿದರೆ ಸಾಕಿತ್ತು. ಬುಡು ಕಣವ್ವ ಕೈಯ, ತೋರ್ಸು ಇವ್ರಿಗೆ — ಅಷ್ಟೆ. ಜೀವಮಾನದಲ್ಲಿ ಮೊದಲ ಸಲ ಇದ್ದದ್ದನ್ನು ಇದ್ದ ಹಾಗೆ ತೋರಿಸಿ ಮಾಡಿದ ವ್ಯಾಪಾರ, ಅದಕ್ಕೆ ಸಾಕ್ಷಿ ಸಿಗುತ್ತಿತ್ತು.

"ಹೂ ಕಣಪ್ಪ, ಹಾಕ್ದೆ ಒಂದ್ ಕೈ" ಎಂದೆ. "ಸರ್ಕಾರದ ಕೈನೂ ಬೆವರ್ತದೆ ಸಂಪತ್ತು, ಹಿಡಿಯಾಕ್ ಬರಬೇಕು ಅಷ್ಟೆ."

ಬೀದಿಯೇ ನಕ್ಕಿತು. ಸಂಪತ್ ತೊಡೆ ತಟ್ಟಿಕೊಂಡು ನಕ್ಕ. ನಾನು ರುಜು ಹಾಕಿದೆ. ಅವಳೂ ಹಾಕಲಿ ಎಂದೆ, ಬೇಕಿಲ್ಲ ಎಂದ, ಹಾಕಲಿ ಎಂದೆ. ಬಾಗಿಲಿಗೆ ಒರಗಿ ಬಲಗೈಯಲ್ಲಿ ಬರೆದಳು, ಪಟ್ಟಲಮ್ಮ ಎಂದು. ಎಡಗೈ ಬಿಡಲಿಲ್ಲ.

ಎಲ್ಲ ಹೋದರು. ಮುಂದಿನ ವಾರದ ಹೊತ್ತಿಗೆ ಈ ಮಾತು ಮದ್ದೂರು ಸಂತೆಯಲ್ಲಿ ಇರುತ್ತದೆ, ಆತಗೂರಿನ ಮೇಷ್ಟ್ರ ಕಿವಿಗೂ ಬೀಳುತ್ತದೆ. ಬೀಳಲಿ. ಮಾಡಿದ ಮೋಸಕ್ಕೆ ಜಾಣ ಎನ್ನಿಸಿಕೊಂಡವನು, ಮಾಡದ ಮೋಸಕ್ಕೆ ಕಳ್ಳ ಎನ್ನಿಸಿಕೊಂಡೆ.

ದುಡ್ಡನ್ನು ಪಟ್ಲಿಯ ಕೈಗೆ ಕೊಟ್ಟು ಒಳಗೆ ಕಳಿಸಿ, ಬಾಗಿಲು ನಾನೇ ಮುಂದೆ ಮಾಡಿದೆ. ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಒಳಗೆ ಲಂಗ ನೆಲಕ್ಕೆ ಉಜ್ಜುವ ಸದ್ದು. ಅಮ್ಮನಿಗೆ ತೋರಿಸಲು ಅಡುಗೆಮನೆಗೆ ಹೋಯಿತು. ಇಬ್ಬರೂ ಏನೋ ಮಾತಾಡಿಕೊಂಡರು... ಈಗ ಈ ಕಡೆಗೆ ತಿರುಗಿತು. ಬಾಗಿಲ ಹಿಂದೆ ಬಂದು ನಿಂತಿತು.

"ಅಪ್ಪಾ, ಅಲ್ಲಿ ಯಾರಾರು ಅವ್ರಾ?"

ಬೀದಿ ನೋಡಿದೆ. ಖಾಲಿ.

"ನಾನೊಬ್ನೇಯ ಕಣವ್ವ" ಎಂದೆ. ಕೆಮ್ಮಲಿಲ್ಲ.

ಏಳುತ್ತಿದ್ದಾಳೆ, ಲಂಗ ಹಿಡಿಯುತ್ತಿದ್ದಾಳೆ ಎಂದುಕೊಂಡೆ. ಬಾಗಿಲು ಸರಿಯುತ್ತಿದೆ. ಕೈ ಕಾಣುತ್ತಿದೆ, ಕೆಳಗೆ, ಹೊಸ್ತಿಲ ಮೇಲೆ. ಲಂಗ ಹಿಡಿದಿಲ್ಲ, ಬರೀ —